ಪೈಲ್ಸಾ, ಹರ್ಪಿಸಾ? ಟ್ಯೂಬ್ ಹಚ್ಚುವ ಮುಂಚೆ ನೋಡಿಕೊಳ್ಳಿ

ಹಿಂಭಾಗದಲ್ಲಿ ಉರಿ, ನವೆ ಶುರುವಾದರೆ ನಾವೆಲ್ಲ ಮೊದಲು ಅಂದುಕೊಳ್ಳುವುದು ಪೈಲ್ಸ್ ಅಂತಲೇ. ಮಡಿಕೇರಿಯಾಗಲಿ ಗೋಣಿಕೊಪ್ಪವಾಗಲಿ, ಮೆಡಿಕಲ್ ಶಾಪಿನವರಿಗೆ ನಮ್ಮ ಮನೆಯವರೆಲ್ಲ ಗೊತ್ತಿರುತ್ತಾರೆ, ವಿವರ ಹೇಳೋಕೆ ನಾಚಿಕೆ, ಹಾಗಾಗಿ 'ಪೈಲ್ಸ್‌ಗೆ ಒಂದು ಟ್ಯೂಬ್ ಕೊಡಿ' ಅಂತ ತಗೊಂಡು ಬಂದುಬಿಡುತ್ತೇವೆ. ಅಂಥ ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಪೈಲ್ಸ್ ಆಗಿದ್ದರೆ ನವೆ, ಊತ ಇಳಿಯುತ್ತದೆ. ಹರ್ಪಿಸ್, ಅಂದರೆ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಅಂಟುವ ವೈರಸ್ ಸೋಂಕು, ಆಗಿದ್ದರೆ ಅದು ಜಾಸ್ತಿಯಾಗಬಹುದು.

ಹಾಗಾಗಿ ಮೊದಲು ನೋಡಿ. ಬಚ್ಚಲಮನೆ ಬಾಗಿಲು ಹಾಕಿಕೊಳ್ಳಿ, ಚಿಕ್ಕ ಕನ್ನಡಿಯನ್ನು ನೆಲದ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಹಿಡಿಯಿರಿ. ಮುಜುಗರ ಆಗುತ್ತೆ, ಆಗಲಿ. ಯಾರೂ ನೋಡ್ತಿಲ್ಲ ಅಲ್ವಾ?

ಪೈಲ್ಸ್ ಅಂದರೆ ಊದಿದ ರಕ್ತನಾಳ. ಹೊರಗೆ ಬಂದಿದ್ದರೆ ಗುದದ್ವಾರದ ಅಂಚಿನಲ್ಲೇ ಮೆತ್ತಗಿನ ಗಂಟು ಕಾಣುತ್ತದೆ, ಹೆಚ್ಚೆಂದರೆ ಎರಡು ಮೂರು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಗಂಟು ಗಟ್ಟಿಯಾಗಿ, ನೀಲಿ ಬಣ್ಣಕ್ಕೆ ತಿರುಗಿ, ಹಣ್ಣಾದ ಕಾಫಿ ಬೀಜದಷ್ಟು ದಪ್ಪ ಇರಬಹುದು, ಮೊದಲ ಎರಡು ಮೂರು ದಿನ ಕೂರಕ್ಕೇ ಆಗಲ್ಲ, ಆಮೇಲೆ ನೋವು ತಾನಾಗಿ ಇಳಿಯುತ್ತಾ ಬರುತ್ತದೆ. ಒಳಗಿನ ಪೈಲ್ಸ್ ಆದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಮಲದ ಜೊತೆ ತಾಜಾ, ಹೊಳೆಯುವ ಕೆಂಪು ರಕ್ತ ಮಾತ್ರ ಬರುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ ತೋಟದಲ್ಲಿ ಶೌಚಾಲಯ ಇಲ್ಲ ಅಂತ ನೀರು ಕಡಿಮೆ ಕುಡಿದು, ಬಂದಿದ್ದನ್ನು ತಡೆದುಕೊಂಡು, ಮಲಬದ್ಧತೆ ಮಾಡಿಕೊಳ್ಳುವವರಿಗೆ ಇದು ಹೊಸದೇನಲ್ಲ.

ಹರ್ಪಿಸ್ ನೋಡೋಕೇ ಬೇರೆ. ಗಂಟಲ್ಲ, ಗುಳ್ಳೆ. ಕೆಂಪಾದ ಚರ್ಮದ ಮೇಲೆ ಒಂದೆರಡು ಮಿಲಿಮೀಟರ್‌ನ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಬೇಗ ಒಡೆದು ಹಸಿ ಹುಣ್ಣಾಗುತ್ತವೆ, ಆಮೇಲೆ ಹಕ್ಕಳೆ ಕಟ್ಟುತ್ತವೆ. ಕೆಲವರಿಗೆ ಗುಳ್ಳೆ ಏಳುವ ಮುಂಚೆಯೇ ಅಲ್ಲಿ ಜುಮ್ಮೆನ್ನುತ್ತದೆ, ಉರಿಯುತ್ತದೆ. ಮೊದಲ ಸಲ ಬಂದಾಗ ಜ್ವರ, ಮೈಕೈನೋವು, ತೊಡೆಸಂದಿಯಲ್ಲಿ ಗಡ್ಡೆ ಕೂಡ ಬರಬಹುದು. ಪೈಲ್ಸ್‌ಗೆ ಜ್ವರ ಬರಲ್ಲ, ಇದನ್ನು ನೆನಪಿಡಿ. ಜಾಗವನ್ನೂ ಗಮನಿಸಿ: ಹರ್ಪಿಸ್ ಗುದದ್ವಾರದ ಸುತ್ತ ಅಷ್ಟೇ ಅಲ್ಲ, ಪೃಷ್ಠ, ತೊಡೆ, ಜನನಾಂಗದ ಮೇಲೂ ಬರುತ್ತದೆ.

ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 2ರಿಂದ 12 ದಿನದಲ್ಲಿ ಗುಳ್ಳೆ ಕಾಣಿಸುತ್ತದೆ, ಆದರೆ ವೈರಸ್ ವರ್ಷಗಟ್ಟಲೆ ನರದೊಳಗೆ ಸುಮ್ನೆ ಇದ್ದು ಆಮೇಲೆ ಏಳುವುದೂ ಉಂಟು, ಹಾಗಾಗಿ ಗಂಡನ ಮೇಲೋ ಹೆಂಡತಿಯ ಮೇಲೋ ತಕ್ಷಣ ಅನುಮಾನಪಡಬೇಡಿ. ಟಾಯ್ಲೆಟ್ ಸೀಟಿನಿಂದ ಅಂಟಿತು ಅನ್ನುವುದಂತೂ ನಂಬುವ ಮಾತಲ್ಲ.

ಕನ್ನಡಿಯಲ್ಲಿ ನೋಡಿದ್ದೇ ಕೊನೆಯ ತೀರ್ಮಾನ ಅಲ್ಲ. ಮಲ ಹೋಗುವಾಗ ಚಾಕು ಹಾಕಿದ ಹಾಗೆ ನೋವಾದರೆ ಅದು ಫಿಶರ್, ಅಂದರೆ ಗುದದ್ವಾರದ ಒಳಪದರದ ಸೀಳು, ಇರಬಹುದು. ಕೀವು, ಜ್ವರ, ದಿನೇ ದಿನೇ ಜಾಸ್ತಿಯಾಗುವ ಊತ ಇದ್ದರೆ ಕುರು, ಅದಕ್ಕೆ ಕಾಯಬಾರದು. ರಕ್ತ ಪದೇ ಪದೇ ಬರುತ್ತಿದ್ದರೆ, ಮಲ ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ ಪೈಲ್ಸ್ ಅಂತ ತಳ್ಳಿಹಾಕದೆ ಪರೀಕ್ಷೆ ಮಾಡಿಸಿ. ರಸ್ತೆಬದಿ ಬೋರ್ಡಿನ 'ಗ್ಯಾರಂಟಿ ಚಿಕಿತ್ಸೆ'ಯವರ ಹತ್ತಿರ ಮಾತ್ರ ಹೋಗಬೇಡಿ.

ಪೈಲ್ಸ್ ಅನಿಸಿದರೆ ಸರ್ಜನ್ ಹತ್ತಿರ ಹೋಗಿ. ಅಲ್ಲಿಯವರೆಗೆ ನೀರು, ಸೊಪ್ಪು ಜಾಸ್ತಿ ಮಾಡಿ, ಬೆಚ್ಚಗಿನ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂತುಕೊಳ್ಳಿ. ಗುಳ್ಳೆ ಅನಿಸಿದರೆ ಚರ್ಮದ ಡಾಕ್ಟರ್. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ ಇರುವುದೇ ಲೈಂಗಿಕ ಸೋಂಕುಗಳಿಗೆ. ಊರಲ್ಲಿ ಯಾರಾದರೂ ನೋಡ್ತಾರೆ ಅಂತ ಹೆದರಿಕೆ ಇದ್ದರೆ ಮೈಸೂರಿಗೆ ಹೋಗಿ ತೋರಿಸಿ, ತಪ್ಪೇನಿಲ್ಲ, ಆದರೆ ತಡ ಮಾಡಬೇಡಿ. ಹುಣ್ಣು ಹಸಿಯಾಗಿದ್ದಾಗ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್‌ನಲ್ಲೇ (ಸ್ವಾಬ್) ವೈರಸ್ ಸರಿಯಾಗಿ ಸಿಗುವುದು, ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆಯೂ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಜಾಸ್ತಿ ಕೆಲಸ ಮಾಡುತ್ತದೆ. ವೈರಸ್ ಪೂರ್ತಿ ಹೋಗಲ್ಲ, ಆದರೆ ಹುಣ್ಣು ಬೇಗ ಒಣಗುತ್ತದೆ. ಅದು ಪೂರ್ತಿ ಒಣಗುವವರೆಗೆ ಸಂಗಾತಿಯ ಜೊತೆ ಸೇರಬೇಡಿ, ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಣ್ಣಿಗೆ ತಾಗಿಸಬೇಡಿ.