ಪ್ರವಾಸ ಮುಗಿದ ಮೇಲೆ ಶುರುವಾಗುವ ಮಾತು

ನಮ್ಮನೆಯಲ್ಲಿ ಪ್ರವಾಸ ಅನ್ನೋದು ಚೀಲ ಬಿಚ್ಚಿ ಬಟ್ಟೆ ಒಗೆಯಲು ಹಾಕಿದ ದಿನಕ್ಕೆ ಮುಗಿಯುವುದಿಲ್ಲ. ಆಮೇಲೆ ಎಷ್ಟೋ ದಿನ ರಾತ್ರಿ ಮಲಗುವ ಹೊತ್ತಿಗೆ ಅದೇ ಮಾತು ನಡೆಯುತ್ತದೆ. ಮಕ್ಕಳ ಮನಸ್ಸಿನಲ್ಲಿ ನೆನಪು ಗಟ್ಟಿಯಾಗುವುದು ಬಹುಪಾಲು ಆ ಮಾತಿನಲ್ಲೇ ಎಂದು ನಾನು ನಂಬಿದ್ದೇನೆ. ಹಾಗಾಗಿ ಹೋಗುವ ತಯಾರಿಗೆ ಕೊಡುವಷ್ಟೇ ಗಮನವನ್ನು ಬಂದ ಮೇಲಿನ ಮಾತಿಗೂ ಕೊಡುತ್ತೇನೆ.

'ಇಷ್ಟು ಚಿಕ್ಕವಕ್ಕೆ ಏನು ನೆನಪಿರುತ್ತೆ, ಸುಮ್ಮನೆ ಯಾಕೆ ಓಡಾಟ' ಅಂತ ಕೇಳುವವರು ಇದ್ದೇ ಇರುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ದೊಡ್ಡವರನ್ನು ಕೇಳಿದರೆ ಅವರ ಅತಿ ಹಳೆಯ ನೆನಪು ಸಾಮಾನ್ಯವಾಗಿ 3–3.5 ವರ್ಷದ ಆಸುಪಾಸಿನದು. ಆದರೆ ಆ ಪುಟ್ಟ ವಯಸ್ಸಿನಲ್ಲಿ ನೆನಪೇ ಇರುವುದಿಲ್ಲ ಅಂತಲ್ಲ. ಮೂರು ವರ್ಷದಲ್ಲಿ ನಡೆದ ಸಂಗತಿಗಳಲ್ಲಿ ಹೆಚ್ಚಿನವನ್ನು ಐದಾರು ವರ್ಷದ ಮಕ್ಕಳು ಹೇಳಬಲ್ಲರು, ಎಂಟೊಂಬತ್ತಕ್ಕೆ ಬರುವಷ್ಟರಲ್ಲಿ ಬಹಳಷ್ಟು ಜಾರಿಹೋಗಿರುತ್ತದೆ ಎಂದು ಅಮೆರಿಕದ ಪೆಟ್ರೀಶಿಯಾ ಬಾವರ್ ಅವರ ಅಧ್ಯಯನ ಕಂಡುಕೊಂಡಿದೆ. ಹಾಗೆ ಜಾರುವ ಮೊದಲು ಹಿಡಿದುಕೊಳ್ಳಬೇಕು ಅನ್ನೋದೇ ನನ್ನ ಹಟ.

ಹೇಗೆ ಕೇಳುತ್ತೇವೆ ಅನ್ನೋದು ಮುಖ್ಯ. 'ಮಜಾ ಬಂತಾ?' ಅಂದರೆ 'ಹೂಂ' ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. 'ದೋಣಿ ಅಲುಗಾಡಿದಾಗ ಏನು ಮಾಡಿದೆ?' ಅಂದು ನೋಡಿ. ಮಗಳು ಎದ್ದು ಕೂತು, ಕೈ ಆಡಿಸಿ, ದೋಣಿಯವರ ದನಿಯನ್ನೂ ಅನುಕರಿಸಿ ಹೇಳುತ್ತಾಳೆ. ಅವಳು ಹೇಳಿದ್ದಕ್ಕೆ ನಾನು ಒಂದೆಳೆ ಸೇರಿಸುತ್ತೇನೆ: 'ಹೌದು, ಆಗ ಗಾಳಿನೂ ಜೋರಾಗಿತ್ತಲ್ವಾ, ಆಮೇಲೆ?' ಹೀಗೆ ಮಗುವಿನ ಮಾತನ್ನೇ ಹಿಡಿದು ಬೆಳೆಸುತ್ತಾ ಹೋಗುವ ತಂದೆತಾಯಿಯರ ಮಕ್ಕಳು ಹಳೆಯ ಸಂಗತಿಗಳನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ ಎಂದು ರಾಬಿನ್ ಫಿವುಶ್, ಇಲೇನ್ ರೀಸ್ ಮುಂತಾದ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ.

ಒಂದು ಎಚ್ಚರಿಕೆ ಮಾತ್ರ ಬಿಡುವುದಿಲ್ಲ. 'ನೀನು ತುಂಬಾ ಹೆದರಿದ್ದೆ' ಅಂತ ನಾನಾಗಿ ಹೇಳುವುದಿಲ್ಲ. ದೊಡ್ಡವರು ಹೇಳಿದ್ದನ್ನು ಮಕ್ಕಳು ತಮ್ಮದೇ ನೆನಪು ಅಂದುಕೊಂಡುಬಿಡುತ್ತಾರೆ. ಬಸ್ಸು ನೀಲಿ ಅಂತ ಮಗ, ಹಸಿರು ಅಂತ ಮಗಳು ಜಗಳಕ್ಕೆ ನಿಂತರೂ ತೀರ್ಪು ಕೊಡುವುದಿಲ್ಲ. ಇಬ್ಬರೂ ತಮ್ಮ ತಮ್ಮ ಸಾಕ್ಷ್ಯ ಹುಡುಕುವಾಗ ಕಿಟಕಿ, ಸೀಟು, ಪಕ್ಕದಲ್ಲಿ ಕೂತವರು ಎಲ್ಲ ಹೊರಗೆ ಬರುತ್ತಾರೆ. ಜಲಪಾತ ನೋಡಿ ಬಂದ ಮಗ ಅಲ್ಲಿನ ಕಲ್ಲಿನ ಮೇಲೆ ಕೂತಿದ್ದ ಕಪ್ಪೆಯ ಬಗ್ಗೆ ಮಾತ್ರ ಮಾತಾಡಿದ. ಅವನ ಜಲಪಾತ ಅದೇ, ಇರಲಿ.

ಮಾತಾಡಲು ಏನಾದರೂ ಸಿಗಬೇಕಾದರೆ ಪ್ರವಾಸದಲ್ಲಿ ಪುರುಸೊತ್ತು ಇರಬೇಕು. ದಿನಕ್ಕೆ ಒಂದೇ ಮುಖ್ಯ ಜಾಗ, ಉಳಿದದ್ದು ಖಾಲಿ. ಹೊಳೆದಂಡೆಯಲ್ಲಿ ಮಕ್ಕಳು ಕಲ್ಲು ಜೋಡಿಸುತ್ತಾ ಕೂತರೆ ಎಬ್ಬಿಸುವುದಿಲ್ಲ. ಪ್ರತಿ ಮಗುವಿಗೂ ಒಂದು ಜವಾಬ್ದಾರಿ ಇರುತ್ತದೆ: ಒಬ್ಬರು ನಕ್ಷೆ ನೋಡಿ ದಾರಿ ಹೇಳಬೇಕು, ಇನ್ನೊಬ್ಬರು ಟಿಕೆಟ್ ಜೋಪಾನ ಮಾಡಬೇಕು. ತಾನು ನಡೆಸಿದ ಕೆಲಸ ಮಗುವಿನ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ, ನಾವು ತೋರಿಸಿದ ನೋಟ ಅಷ್ಟಾಗಿ ಬರುವುದಿಲ್ಲ.

ಒಂದೇ ಜಾಗಕ್ಕೆ ಪದೇ ಪದೇ ಹೋಗುವವರು ಇನ್ನೊಂದು ಗಮನಿಸಬೇಕು. ಒಂದೇ ಬಗೆಯ ಭೇಟಿಗಳು ಮನಸ್ಸಿನಲ್ಲಿ ಬೆರೆತುಹೋಗಿ, 'ನಾವು ಅಲ್ಲಿಗೆ ಹೋಗ್ತಾ ಇದ್ವಿ' ಅನ್ನುವಷ್ಟು ಮಾತ್ರ ಉಳಿಯುತ್ತದೆ. ಅದೂ ಬೆಚ್ಚಗಿನ ನೆನಪೇ. ಆದರೂ ಪ್ರತಿ ಸಲ ಒಂದು ಹೊಸತನ್ನು ಸೇರಿಸುತ್ತೇವೆ. ಒಮ್ಮೆ ನಸುಕಿನಲ್ಲಿ ಸಮುದ್ರ ನೋಡುವುದು, ಇನ್ನೊಮ್ಮೆ ಕತ್ತಲಾದ ಮೇಲೆ ಅದೇ ದಂಡೆಯಲ್ಲಿ ನಕ್ಷತ್ರ ನೋಡುವುದು. ಆಗ ಆ ಎರಡು ಭೇಟಿಗಳು ಬೇರೆ ಬೇರೆಯಾಗಿಯೇ ನಿಲ್ಲುತ್ತವೆ.

ಫೋಟೊ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. 2014ರಲ್ಲಿ ಪ್ರಕಟವಾದ ಲಿಂಡಾ ಹೆಂಕೆಲ್ ಅವರ ಪ್ರಯೋಗದಲ್ಲಿ, ಮ್ಯೂಸಿಯಂನ ವಸ್ತುಗಳ ಫೋಟೊ ತೆಗೆದವರಿಗೆ ಅವು ಸುಮ್ಮನೆ ನೋಡಿದ್ದಕ್ಕಿಂತ ಕಡಿಮೆ ನೆನಪಿದ್ದವು. ಆದರೆ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಆ ನಷ್ಟ ಇರಲಿಲ್ಲ. ಹಾಗಾಗಿ ಕ್ಯಾಮೆರಾ ಮಕ್ಕಳ ಕೈಗೆ ಕೊಟ್ಟು, 'ನಿನಗೆ ಇಷ್ಟವಾದ ಒಂದೇ ಒಂದನ್ನು ಹತ್ತಿರದಿಂದ ತೆಗಿ' ಅನ್ನುತ್ತೇನೆ. ಎಲೆಯ ನರ, ತುಕ್ಕು ಹಿಡಿದ ಬೀಗ, ಅಜ್ಜಿಯ ಕೈಬೆರಳು ಹೀಗೆ ಬರುತ್ತವೆ. ಅವನ್ನು ಪ್ರಿಂಟ್ ಹಾಕಿಸಿ, ಹಿಂದೆ ತಾರೀಖಿನ ಜೊತೆ ಮಗು ಹೇಳಿದ ಮಾತನ್ನು ತಿದ್ದದೆ ಹಾಗೆಯೇ ಬರೆದು, ಅವರ ಕೈಗೆ ಎಟುಕುವ ಕೆಳಗಿನ ಕಪಾಟಿನಲ್ಲಿ ಇಡುತ್ತೇನೆ. ಈಗೀಗ ಆಲ್ಬಮ್ ತೆಗೆದು 'ಅಮ್ಮಾ, ಇದರ ಬಗ್ಗೆ ಕೇಳು' ಅಂತ ಅವರೇ ಬರುತ್ತಾರೆ.