165 ಸೆಂಟಿಮೀಟರ್ ಕಾಗದದ ಮೇಲೆ ಯುರೋಪಿನ ಕ್ರಾಂತಿಗಳು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಜಯನಗರದ ನಮ್ಮ ಮನೆಯ ಹಜಾರಕ್ಕೆ ಏಳೆಂಟು ಮಕ್ಕಳು ಬರುತ್ತಾರೆ. ರಾಯಚೂರು, ಹಾವೇರಿ, ಚಾಮರಾಜನಗರದ ಕಡೆಯಿಂದ ಬಂದು, ಇಲ್ಲೇ ಸುತ್ತಮುತ್ತ ಪಿ.ಜಿ.ಗಳಲ್ಲಿ ಇದ್ದುಕೊಂಡು ಕೆಎಎಸ್‌ಗೆ ಓದುತ್ತಿರುವವರು. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳಿದ ನನಗೆ ನಿವೃತ್ತಿಯ ನಂತರವೂ ಸುಮ್ಮನೆ ಕೂರಲಾಗಲಿಲ್ಲ. ಈ ಮಕ್ಕಳಿಗೆ 1789, 1830, 1848, 1871, 1917 ಎಲ್ಲವೂ ಕಂಠಪಾಠ. ಆದರೆ “1789ರಲ್ಲಿ ಪ್ಯಾರಿಸಿನ ಜನ ಗೆದ್ದರು, 1848ರಲ್ಲಿ ಅರ್ಧ ಯುರೋಪೇ ಎದ್ದು ನಿಂತರೂ ವರ್ಷ ತುಂಬುವುದರೊಳಗೆ ಸೋಲು ಶುರುವಾಯಿತು, ಏಕೆ?” ಎಂದು ಕೇಳಿದರೆ ಹಜಾರದಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸುತ್ತದೆ. ಆ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಳ್ಳುವ ಹಾಗೆ ಓದುವ ಒಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದ ಬೇಕು. ಹಳೆಯ ಗೋಡೆ ಕ್ಯಾಲೆಂಡರಿನ ದೊಡ್ಡ ಹಾಳೆಗಳನ್ನು ಹಿಂದುಮುಂದಾಗಿ ತಿರುಗಿಸಿ, ಮೈದಾ ಅಂಟಿನಿಂದ ಉದ್ದಕ್ಕೆ ಜೋಡಿಸಿ. ವರ್ಷಕ್ಕೆ ಒಂದು ಸೆಂಟಿಮೀಟರ್. 1756ರಿಂದ 1919ರವರೆಗೆ 163 ಸೆಂಟಿಮೀಟರ್, ಅಂಚಿಗೆ ಎರಡು ಸೇರಿಸಿದರೆ 165. ಅದರ ಮೇಲೆ ಉದ್ದಕ್ಕೂ ಮೂರು ಸಾಲು ಎಳೆಯಿರಿ. ನೀಲಿ ಸಾಲು ಖಜಾನೆಗೆ, ಹಸಿರು ಸಾಲು ಅಡುಗೆಮನೆಗೆ, ಕೆಂಪು ಸಾಲು ಬಂದೂಕಿಗೆ. ಯಾವುದೇ ಕ್ರಾಂತಿಯ ಅಧ್ಯಾಯ ತೆರೆದರೂ ಮೂರೇ ಪ್ರಶ್ನೆ ಕೇಳಿ: ಸರ್ಕಾರದ ಖಜಾನೆಯಲ್ಲಿ ಏನಿತ್ತು, ಬಡವರ ಒಲೆಯ ಮೇಲೆ ಏನಿತ್ತು, ಗುಂಡು ಹಾರಿಸು ಎಂದಾಗ ಸೈನಿಕ ಏನು ಮಾಡಿದ? ಉತ್ತರವನ್ನು ಆಯಾ ಸಾಲಿನಲ್ಲಿ ನಾಲ್ಕು ಪದಗಳಲ್ಲಿ ಬರೆಯಿರಿ, ಹೆಚ್ಚು ಬೇಡ.

ನೀಲಿ ಸಾಲಿನಿಂದ ಶುರುಮಾಡಿ. ನಮ್ಮ ಪಠ್ಯಪುಸ್ತಕಗಳು ರೂಸೋ, ಮಾಂಟೆಸ್ಕ್ಯೂ, ವಾಲ್ಟೇರ್ ಅವರಿಂದ ಶುರುಮಾಡುತ್ತವೆ. ಹಾಗಾಗಿ ಮಕ್ಕಳು ಯಾರೋ ಪುಸ್ತಕ ಬರೆದರು, ಜನ ಓದಿ ದಂಗೆಯೆದ್ದರು ಎಂದು ತಿಳಿಯುತ್ತಾರೆ. ರೂಸೋನ ‘ಸಾಮಾಜಿಕ ಒಪ್ಪಂದ’ ಬಂದದ್ದು 1762ರಲ್ಲಿ. ಪ್ಯಾರಿಸಿನ ಸೆರೆಮನೆ-ಕೋಟೆ ಬಾಸ್ಟಿಲ್ ಬಿದ್ದದ್ದು ಅದಾಗಿ 27 ವರ್ಷಕ್ಕೆ, ಎಂದರೆ ನಿಮ್ಮ ಕಾಗದದಲ್ಲಿ ಒಂದು ಗೇಣಿಗೂ ಹೆಚ್ಚು ದೂರದಲ್ಲಿ. ಆ ದೂರವನ್ನು ತುಂಬಿದ್ದು ಸಾಲ. 1756–63ರ ಏಳು ವರ್ಷಗಳ ಯುದ್ಧದಲ್ಲಿ ಗೆದ್ದ ಬ್ರಿಟನ್ ಸಾಲದಲ್ಲಿ ಮುಳುಗಿತು. ಆ ಹೊರೆ ತಗ್ಗಿಸಲು 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಸ್ಟಾಂಪ್ ತೆರಿಗೆ ಹೇರಿತು, ವಸಾಹತುಗಳು ತಿರುಗಿಬಿದ್ದವು. ಹಳೆಯ ಸೇಡು ತೀರಿಸಿಕೊಳ್ಳಲು ಫ್ರಾನ್ಸ್ ಅಮೆರಿಕದ ಪರವಾಗಿ ಯುದ್ಧಕ್ಕಿಳಿಯಿತು, ಗೆದ್ದಿತು, ಈ ಬಾರಿ ಅದು ಸಾಲಗಾರನಾಯಿತು. 1788ರ ಹೊತ್ತಿಗೆ ಫ್ರೆಂಚ್ ಸರ್ಕಾರದ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಸಾಲಕ್ಕೇ ಹೋಗುತ್ತಿತ್ತು. ಹೊಸ ತೆರಿಗೆಗೆ ಒಪ್ಪಿಗೆ ಬೇಕಾಗಿ ಹದಿನಾರನೆಯ ಲೂಯಿ 1789ರ ಮೇ 5ರಂದು ಪುರೋಹಿತರು, ಶ್ರೀಮಂತರು, ಸಾಮಾನ್ಯರ ಪ್ರತಿನಿಧಿಗಳ ಎಸ್ಟೇಟ್ಸ್ ಜನರಲ್ ಸಭೆ ಸೇರಿಸಬೇಕಾಯಿತು. ಇಷ್ಟನ್ನು ನೀಲಿ ಸಾಲಿನಲ್ಲಿ ಬಾಣದ ಗುರುತು ಹಾಕುತ್ತಾ ಬರೆದರೆ, ಎರಡು ಖಂಡಗಳ ಕಥೆ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತದೆ. ರೂಸೋನ ಹೆಸರನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ. ಹಸಿದವರು ಬೀದಿಗೆ ಬಂದಾಗ ಏನನ್ನು ಕೇಳಬೇಕು ಎಂಬುದಕ್ಕೆ ಅವನಂಥವರ ಮಾತು ಸಿದ್ಧವಾಗಿತ್ತು. ಆ ಕೊಡುಗೆ ಸಣ್ಣದಲ್ಲ, ಆದರೆ ಅದರ ಜಾಗ ಅದು.

ಈ ಸಾಲು ಬೆಂಗಳೂರಿಗೂ ಬರುತ್ತದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಹತ್ತು ವರ್ಷದ ನಂತರ ಟಿಪ್ಪುವಿನಿಂದ ಬೆಂಗಳೂರಿನ ಕೋಟೆಯನ್ನು ಕಿತ್ತುಕೊಂಡವನೂ ಅವನೇ. ಕೆ.ಆರ್. ಮಾರುಕಟ್ಟೆಯ ಪಕ್ಕ ಉಳಿದಿರುವ ಕೋಟೆಯ ಗೋಡೆಯಲ್ಲಿ, ಬ್ರಿಟಿಷರ ದಾಳಿ ಈ ಬಿರುಕಿನ ಮೂಲಕ ನಡೆಯಿತು ಎಂದು ಹೇಳುವ ಕಲ್ಲು ಇದೆ. ದಿನಾಂಕ 1791ರ ಮಾರ್ಚ್ 21. ನಾನು ಪ್ರತಿ ತಂಡವನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಕಲ್ಲನ್ನು ಓದಿಸಿ, “ಆಗ ಟಿಪ್ಪುವಿನ ಸ್ನೇಹಿತ ಫ್ರಾನ್ಸ್ ಎಲ್ಲಿತ್ತು?” ಎಂದು ಕೇಳುತ್ತೇನೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಲೂಯಿಯನ್ನು ಕಂಡು ನೆರವು ಕೇಳಿದ್ದರು. ಖಾಲಿ ಖಜಾನೆಯ ರಾಜ ಆದರಿಸಿ ಕಳಿಸಿದನೇ ಹೊರತು ಸೈನ್ಯ ಕೊಡಲಿಲ್ಲ. ನೀಲಿ ಸಾಲಿನಲ್ಲಿ 1788ರ ಜಾಗಕ್ಕೆ ಬೆರಳಿಟ್ಟರೆ ಕಾರಣ ಅಲ್ಲೇ ಇದೆ. ಹತ್ತು ವರ್ಷ ಕಳೆದು ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್.

ಹಸಿರು ಸಾಲಿಗೆ ಬನ್ನಿ. 1788ರ ಜುಲೈ 13ರಂದು ಫ್ರಾನ್ಸಿನಲ್ಲಿ ಭಾರೀ ಆಲಿಕಲ್ಲು ಮಳೆ ಬಿದ್ದು ಪೈರು ನೆಲಕಚ್ಚಿತು. ಮರುವರ್ಷದ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ನಾಲ್ಕು ಪೌಂಡಿನ ಬ್ರೆಡ್ಡಿಗೆ ಹದಿನಾಲ್ಕೂವರೆ ಸೂ (ಸೂ ಎಂದರೆ ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ). ದಿನಗೂಲಿ 20ರಿಂದ 30 ಸೂ. ಹಾವೇರಿಯ ಹುಡುಗನೊಬ್ಬ ಇದನ್ನು ಬರೆದುಕೊಳ್ಳುತ್ತಾ, “ಮೇಡಂ, ನಮ್ಮಪ್ಪನ ಕೂಲಿಯಲ್ಲಿ ಅರ್ಧ ಬರೀ ಜೋಳಕ್ಕೇ ಹೋದ ಹಾಗೆ” ಎಂದ. ಅವನು ಆ ಅಂಕಿಯನ್ನು ಇನ್ನು ಮರೆಯುವುದಿಲ್ಲ. ನೀವೂ ಹಾಗೆಯೇ ಮಾಡಿ: ಯಾವ ಬೆಲೆ ಓದಿದರೂ ನಿಮ್ಮ ಮನೆಯ ಸಂಪಾದನೆಯ ಪಕ್ಕ ಇಟ್ಟು ನೋಡಿ. ಅಕ್ಟೋಬರ್ 5ರಂದು ಪ್ಯಾರಿಸಿನ ಮಾರುಕಟ್ಟೆಯ ಹೆಂಗಸರು ಮಳೆಯಲ್ಲಿ ವರ್ಸೇಲ್ಸಿಗೆ ನಡೆದು ಹೋದದ್ದೂ, ಮರುದಿನ ರಾಜನನ್ನು ಪ್ಯಾರಿಸಿಗೆ ಕರೆತಂದದ್ದೂ ಈ ಸಾಲಿಗೇ ಸೇರುತ್ತದೆ.

ಇಲ್ಲೊಂದು ಹೆಸರನ್ನು ದಯವಿಟ್ಟು ಬಿಡಬೇಡಿ. ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಯನ್ನು ಓದಿಸಿದಾಗ ಒಬ್ಬ ಹುಡುಗಿ, “ವರ್ಸೇಲ್ಸಿಗೆ ನಡೆದವರು ಹೆಂಗಸರು, ಮತ ಸಿಕ್ಕಿದ್ದು ಯಾರಿಗೆ?” ಎಂದು ಕೇಳಿದಳು. ಅದೇ ಪ್ರಶ್ನೆಯನ್ನು 1791ರಲ್ಲಿ ಒಲಿಂಪ್ ದ ಗೂಜ್ ಕೇಳಿದ್ದಳು, ಮಹಿಳೆಯರ ಹಕ್ಕುಗಳ ಘೋಷಣೆಯನ್ನು ತಾನೇ ಬರೆದು. 1793ರ ನವೆಂಬರ್ 3ರಂದು ಅವಳನ್ನು ಗಿಲೊಟಿನ್‌ಗೆ ಕೊಟ್ಟರು. ಕಾಲೇಜಿನಲ್ಲಿದ್ದಾಗ ಪಾಠ ಮುಗಿಸುವ ಅವಸರದಲ್ಲಿ ಎಷ್ಟೋ ವರ್ಷ ನಾನು ಅವಳನ್ನು ದಾಟಿಕೊಂಡು ಹೋಗಿದ್ದೇನೆ. ಆ ನೋವು ನನಗಿದೆ.

ಇನ್ನು ಕೆಂಪು ಸಾಲು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಸಾಲ ಮತ್ತು ಹಸಿವು ಜನರನ್ನು ಬೀದಿಗೆ ತರುತ್ತವೆ. ಮುಂದೇನು ಎಂಬುದು ಸೈನಿಕನ ಕೈಯಲ್ಲಿರುತ್ತದೆ. ಬಾಸ್ಟಿಲ್ ಮುಂದೆ ಜುಲೈ 14ರ ಮಧ್ಯಾಹ್ನದವರೆಗೂ ಜನ ಸಾಯುತ್ತಿದ್ದರು, ಕೋಟೆ ಅಲುಗಲಿಲ್ಲ. ಫ್ರೆಂಚ್ ಗಾರ್ಡ್ ದಳದ ಸೈನಿಕರು ಫಿರಂಗಿ ಎಳೆದುಕೊಂಡು ಬಂದು ಜನರ ಪಕ್ಕ ನಿಂತ ಮೇಲೆ ಸಂಜೆಯೊಳಗೆ ಬಾಗಿಲು ತೆರೆಯಿತು. ಒಳಗಿದ್ದ ಕೈದಿಗಳು ಏಳೇ ಮಂದಿ.

ಈಗ ಅದೇ ಪ್ರಶ್ನೆಯನ್ನು 1848ಕ್ಕೆ ಕೇಳಿ. ಹಸಿರು ಸಾಲಿನಲ್ಲಿ ಆಲೂಗಡ್ಡೆ ರೋಗ, ಕೆಟ್ಟ ಬೆಳೆ. ಜನವರಿಯಲ್ಲಿ ಪಲೆರ್ಮೊ, ಫೆಬ್ರವರಿಯಲ್ಲಿ ಪ್ಯಾರಿಸ್, ಮಾರ್ಚಿನಲ್ಲಿ ವಿಯೆನ್ನಾ, ಬರ್ಲಿನ್. ಮಾರ್ಚ್ 13ರಂದು ಆಸ್ಟ್ರಿಯಾದ ಛಾನ್ಸಲರ್ ಮೆಟರ್ನಿಕ್ ಅಧಿಕಾರ ಬಿಟ್ಟು ಓಡಿದ. ಆದರೆ ಜೂನ್ ಹೊತ್ತಿಗೆ ಪ್ಯಾರಿಸಿನಲ್ಲಿ ಸೇನಾಪತಿ ಕವೆನ್ಯಾಕ್‌ನ ಸೈನ್ಯ ಕಾರ್ಮಿಕರ ಮೇಲೆ ಗುಂಡು ಹಾರಿಸಿತು. ಅಕ್ಟೋಬರ್ ಕೊನೆಗೆ ಚಕ್ರವರ್ತಿಯ ಸೈನ್ಯ ವಿಯೆನ್ನಾವನ್ನು ಮರಳಿ ಹಿಡಿಯಿತು. ಹಂಗೇರಿಯನ್ನು ಮಣಿಸಲು 1849ರಲ್ಲಿ ರಷ್ಯಾದ ಸೈನ್ಯವೇ ಬಂತು. ಈ ಮೂರೂ ಕಡೆ ದಾಳಿಗೆ ಬಂದ ಸೈನಿಕ ಮೇಲಧಿಕಾರಿಯ ಮಾತು ಕೇಳಿದ. ಆರಂಭದ ಪ್ರಶ್ನೆಗೆ ಉತ್ತರ ನಿಮ್ಮ ಕಾಗದದಲ್ಲೇ ಸಿಕ್ಕಿತು.

1871ರಲ್ಲಿ ಇದು ಇನ್ನೂ ಸ್ಪಷ್ಟ. ಮಾರ್ಚ್ 18ರ ಬೆಳಿಗ್ಗೆ ಫಿರಂಗಿಗಳನ್ನು ಒಯ್ಯಲು ಮೋಂಮಾರ್ತ್ರ್ ಗುಡ್ಡ ಹತ್ತಿದ ಸೈನಿಕರ ಮುಂದೆ ಹೆಂಗಸರು ಅಡ್ಡ ನಿಂತರು. ಗುಂಡಿನ ಆಜ್ಞೆ ಬಂತು, ಸೈನಿಕರು ಪಾಲಿಸಲಿಲ್ಲ. ಊರಿನ ಜನರದೇ ಆಡಳಿತವಾದ ಪ್ಯಾರಿಸ್ ಕಮ್ಯೂನ್ ಹುಟ್ಟಿತು. ಸರ್ಕಾರ ವರ್ಸೇಲ್ಸಿಗೆ ಹಿಂದೆ ಸರಿದು ಬೇರೆ ಸೈನ್ಯ ಕಟ್ಟಿತು, ಫ್ರಾನ್ಸನ್ನು ಆಗಷ್ಟೇ ಸೋಲಿಸಿದ್ದ ಜರ್ಮನಿಯ ಬಿಸ್ಮಾರ್ಕ್ ಬಿಡುಗಡೆ ಮಾಡಿದ ಯುದ್ಧಕೈದಿಗಳನ್ನೂ ಸೇರಿಸಿಕೊಂಡಿತು. ಆ ಸೈನ್ಯ ಆಜ್ಞೆ ಪಾಲಿಸಿತು. ಮೇ 28ಕ್ಕೆ ಕಮ್ಯೂನ್ ಮುಗಿಯಿತು. ಅದೇ ಊರು, ಅದೇ ಜನ, ಎರಡೂವರೆ ತಿಂಗಳೊಳಗೆ ಎರಡು ಉತ್ತರ.

ಬಿಸ್ಮಾರ್ಕ್‌ನ ಮೂರು ಯುದ್ಧಗಳಿಗೆ (1864 ಡೆನ್ಮಾರ್ಕ್, 1866 ಆಸ್ಟ್ರಿಯಾ, 1870 ಫ್ರಾನ್ಸ್) ಕೆಂಪು ಸಾಲಿನಲ್ಲಿ ಮೂರು ಚುಕ್ಕೆ ಸಾಕು. ಮೂರನೆಯದರ ಪಕ್ಕ ‘500 ಕೋಟಿ ಫ್ರಾಂಕ್ ಪರಿಹಾರ, ಆಲ್ಸೇಸ್-ಲೊರೇನ್’ ಎಂದು ಬರೆದುಕೊಳ್ಳಿ; ಸೋತ ಫ್ರಾನ್ಸ್ ತೆತ್ತ ಹಣ, ಬಿಟ್ಟುಕೊಟ್ಟ ಪ್ರದೇಶ ಅವು. 1871ರ ಜನವರಿ 18ರಂದು ಜರ್ಮನ್ ಸಾಮ್ರಾಜ್ಯ ಘೋಷಣೆಯಾದ ವರ್ಸೇಲ್ಸಿನ ಕನ್ನಡಿ ಸಭಾಂಗಣದಲ್ಲೇ 1919ರ ಜೂನ್ 28ರಂದು, ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಆ ಎರಡು ಚುಕ್ಕೆಗಳನ್ನು ಗೆರೆ ಎಳೆದು ಕೂಡಿಸಿ.

1914ಕ್ಕೆ ವರ್ಷಕ್ಕೊಂದು ಸೆಂಟಿಮೀಟರ್ ಸಾಲದು. ಬೇರೆ ಚೀಟಿಯಲ್ಲಿ ದಿನಕ್ಕೊಂದು ಸೆಂಟಿಮೀಟರಿನಂತೆ ಜೂನ್ 28ರಂದು ಸರಾಯೆವೊದಲ್ಲಿ ನಡೆದ ಆಸ್ಟ್ರಿಯಾದ ಯುವರಾಜನ ಕೊಲೆಯಿಂದ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿದವರೆಗೆ 37 ದಿನ ಬರೆದು, ಅಲ್ಲಿಗೆ ಅಂಟಿಸಿ. ಮೊದಲ ಮೂರು ವಾರ ಚೀಟಿ ಬಹುಪಾಲು ಖಾಲಿ ಇರುತ್ತದೆ. ಆ ಖಾಲಿ ಜಾಗ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಡೆಯಲು ಅಷ್ಟು ದಿನ ಇತ್ತು.

ರಷ್ಯಾಕ್ಕೆ ಬಂದಾಗ ದಿನಾಂಕದ ಗೊಂದಲ ಎದುರಾಗುತ್ತದೆ. ಅಲ್ಲಿನ ಹಳೆಯ ಪಂಚಾಂಗ ನಮ್ಮದಕ್ಕಿಂತ 13 ದಿನ ಹಿಂದಿತ್ತು. ಹಾಗಾಗಿ ಫೆಬ್ರವರಿ ಕ್ರಾಂತಿ ನಮ್ಮ ಲೆಕ್ಕದಲ್ಲಿ ಮಾರ್ಚಿನದು, ಅಕ್ಟೋಬರ್ ಕ್ರಾಂತಿ ನವೆಂಬರ್ 7ರದು. ಎಲ್ಲವನ್ನೂ ಹೊಸ ಪಂಚಾಂಗಕ್ಕೆ ತಿರುಗಿಸಿ ಬರೆಯಿರಿ. 1917ರ ಮಾರ್ಚ್ 8ರಂದು ರಾಜಧಾನಿ ಪೆಟ್ರೊಗ್ರಾಡ್‌ನ ಗಿರಣಿಯ ಹೆಂಗಸರು ಬ್ರೆಡ್ ಕೇಳುತ್ತಾ ಹೊರಬಂದರು. 11ರಂದು ಸೈನಿಕರು ಗುಂಡು ಹಾರಿಸಿದರು. 12ರ ಬೆಳಿಗ್ಗೆ ವೊಲಿನ್ಸ್ಕಿ ದಳದ ಸೈನಿಕರು ಇನ್ನು ಹಾರಿಸುವುದಿಲ್ಲವೆಂದು ತಿರುಗಿಬಿದ್ದರು. 15ಕ್ಕೆ ಝಾರ್ ಪಟ್ಟ ಬಿಟ್ಟ.

ಕೊನೆಯ ನಮೂದು ನಮ್ಮ ಊರಿನದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದ ಪಡೆಯ ಜೊತೆಗೆ ಈಟಿ ಹಿಡಿದು, ಕುದುರೆಯ ಮೇಲೆ, ಮೆಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ನಗರವನ್ನು ಗೆದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಸೈನಿಕರ ಸ್ಮಾರಕ ಸ್ತಂಭ ಜೆ.ಸಿ. ನಗರದಲ್ಲಿದೆ. ಕಾಗದವನ್ನು ಸುರುಳಿ ಸುತ್ತಿಕೊಂಡು ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ, ಸ್ತಂಭದ ಮುಂದೆ ಬಿಚ್ಚಿ, ಕೆಂಪು ಸಾಲಿನಲ್ಲಿ 1918ರ ಜಾಗಕ್ಕೆ ‘ಹೈಫಾ’ ಎಂದು ಅಲ್ಲೇ ನಿಂತು ಬರೆಯಿರಿ.