ಜಿಟಿಎ 6 ಬರೂಮಟ ತಡಕೊಳ್ಳೂದು ಹೆಂಗ

ಗ್ರ್ಯಾಂಡ್ ಥೆಫ್ಟ್ ಆಟೊ ಎಂಬ ವಿಡಿಯೊ ಗೇಮ್ ಸರಣಿಯ ಐದನೆಯದು, ಅಂದರೆ ಜಿಟಿಎ 5, ಬಂದದ್ದು 2013ರ ಸೆಪ್ಟೆಂಬರ್ 17ಕ್ಕೆ. ಆರನೆಯದರ ಮೊದಲ ಟ್ರೇಲರ್ 2023ರ ಡಿಸೆಂಬರ್‌ನಲ್ಲಿ ಬಂತು, ಅದರಲ್ಲಿ ಆಟ 2025ಕ್ಕೆ ಬರುತ್ತದೆ ಎಂದಿತ್ತು. 2025ರ ಮೇ 2ರಂದು ಅದು 2026ರ ಮೇ 26ಕ್ಕೆ ಹೋಯಿತು, ಅದೇ ವರ್ಷದ ನವೆಂಬರ್ 6ರಂದು 2026ರ ನವೆಂಬರ್ 19ಕ್ಕೆ. ಈ ತಾರೀಖುಗಳಲ್ಲೇ ಒಂದು ಸುಳಿವಿದೆ. ಈ ಆಟ ಮಾಡುವ ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟೂ ಸಾಮಾನ್ಯವಾಗಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಶೇರುದಾರರಿಗೆ ಲೆಕ್ಕ ಒಪ್ಪಿಸುತ್ತದೆ. ಎರಡು ಮುಂದೂಡಿಕೆಯೂ ಆ ತಿಂಗಳುಗಳಲ್ಲೇ ಹೊರಬಿದ್ದವು. ಹಾಗಾಗಿ ಫೋನಿನಲ್ಲಿ ವರ್ಷಕ್ಕೆ ನಾಲ್ಕೇ ರಿಮೈಂಡರ್ ಇಡಿ. ಅಮೆರಿಕದ ಶೇರುಪೇಟೆ ಮುಚ್ಚಿದ ಮೇಲೆ ಲೆಕ್ಕ ಬರುವುದರಿಂದ ನಮಗೆ ಆಗ ನಡುರಾತ್ರಿ ದಾಟಿರುತ್ತದೆ. ಎಚ್ಚರ ಇರಬೇಡಿ, ಮರುದಿನ ಚಹಾ ಕುಡಿಯುತ್ತ ನೋಡಿದರೆ ಸಾಕು. ನಡುವೆ ಬರುವ ‘ಒಳಗಿನ ಸುದ್ದಿ’ ವಿಡಿಯೊಗಳಿಗೆಲ್ಲ ‘ಆಸಕ್ತಿ ಇಲ್ಲ’ ಒತ್ತುತ್ತ ಹೋಗಿ. ಒಂದನ್ನು ಪೂರ್ತಿ ನೋಡಿದರೆ ಅಂಥವೇ ಹತ್ತು ಬಂದು ಕೂಡುತ್ತವೆ.

ರೊಕ್ಕದ ವಿಷಯ. ಘೋಷಣೆ ಆಗಿರುವುದು ಪಿಎಸ್5 (ಪ್ಲೇಸ್ಟೇಷನ್ 5) ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಎಂಬ ಗೇಮ್ ಕನ್ಸೋಲುಗಳಿಗೆ ಮಾತ್ರ. ಜಿಟಿಎ 5 ಪಿಸಿಗೆ ಬರಲು 19 ತಿಂಗಳು ಹಿಡಿದಿತ್ತು, ಆದ್ದರಿಂದ ಈ ಆಟಕ್ಕೆಂದೇ ಈಗ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ದಂಡ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಆಟದ ಡಿಸ್ಕಿಗೆ ಅಡ್ವಾನ್ಸ್ ಕೊಡುವುದಾದರೆ, ತಾರೀಖು ಮುಂದೆ ಹೋದರೆ ಹಣ ವಾಪಸ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ತಿರುಗುವ ‘ಜಿಟಿಎ 6 ಎಪಿಕೆ’ (ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲು) ಮುಟ್ಟಲೇಬೇಡಿ. ಫೋನಿಗೆ ಈ ಆಟ ಘೋಷಣೆಯೇ ಆಗಿಲ್ಲ. ಅಂಥ ಫೈಲು ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಅದರ ಕಣ್ಣು ನಿಮ್ಮ ಒಟಿಪಿ ಮೇಲೆ.

ಕಾಯುವ ಕಾಲವನ್ನು ಕನ್ಸೋಲಿನಲ್ಲಿ ಜಾಗ ಮಾಡುವುದಕ್ಕೆ ಬಳಸಿ. ಇದೇ ಕಂಪನಿಯ ರೆಡ್ ಡೆಡ್ ರಿಡೆಂಪ್ಶನ್ 2 ಪಿಸಿಯಲ್ಲಿ 150 ಜಿಬಿ ಕೇಳುತ್ತದೆ, ಇದೂ ಕಡಿಮೆ ಕೇಳಲಿಕ್ಕಿಲ್ಲ. ಮೊದಲ ಪಿಎಸ್5ರ 825 ಜಿಬಿಯಲ್ಲಿ ಕೈಗೆ ಸಿಗುವುದು ಸುಮಾರು 667. ಸಾಲದಿದ್ದರೆ ಒಳಗೆ ಎಂ.2 ಎಸ್‌ಎಸ್‌ಡಿ (ಜಾಗ ಹೆಚ್ಚಿಸುವ ಸಣ್ಣ ಡ್ರೈವ್) ಹಾಕಿಸಿ: ಪೆಟ್ಟಿಗೆ ಮೇಲೆ ಪಿಸಿಐಇ ಜೆನ್4 ಎಂದಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು, ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಸೇರಿ ಎತ್ತರ 11.25 ಮಿ.ಮೀ. ಒಳಗೆ. ಹೀಟ್‌ಸಿಂಕ್ ಇಲ್ಲದೆ ಹಾಕಿದರೆ ಬಿಸಿಯಾಗಿ ನಿಧಾನವಾಗುತ್ತದೆ. ದಪ್ಪನೆಯದು ತಂದರೆ ಮುಚ್ಚಳ ಕೂಡುವುದಿಲ್ಲ. ಅದೇ ಕೈಯಲ್ಲಿ ಪಕ್ಕದ ಕವಚ ತೆಗೆದು ಧೂಳು ಕೂಡುವ ಎರಡು ತೂತುಗಳಿಗೆ ವ್ಯಾಕ್ಯೂಮ್ ಹಿಡಿಯಿರಿ. ಹುಬ್ಬಳ್ಳಿಯ ಧೂಳಿಗೆ ಎರಡು ತಿಂಗಳಿಗೊಮ್ಮೆ ಇದು ಬೇಕೇ ಬೇಕು.

40 ಎಂಬಿಪಿಎಸ್ ಲೈನಿನಲ್ಲಿ 150 ಜಿಬಿ ಇಳಿಯಲು ಎಂಟೂಕಾಲು ಗಂಟೆ ಮೇಲೆಯೇ ಬೇಕು, ರಾತ್ರಿ ಹಚ್ಚಿ ಮಲಗಿ. ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಲ್ಲಿ 75 ದಿನ, ಅಂದರೆ ಆಗದ ಮಾತು. ಕರೆಂಟ್ ಹೋದರೆ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆ, ಆದರೆ ಆಟ ಸೇವ್ ಆಗುವಾಗ ಹೋದರೆ ಆ ಫೈಲು ಕೆಡಬಹುದು. 600 ವಿಎ ಯುಪಿಎಸ್ ಕೆಲವೇ ನಿಮಿಷ ತಡೆಯುತ್ತದೆ. ಕನ್ಸೋಲ್ ಸರಿಯಾಗಿ ಬಂದ್ ಮಾಡಲು ಅಷ್ಟು ಸಾಕು.

ಆಫೀಸಿನಲ್ಲಿ ರಜೆ ಕೇಳುವ ಅವಸರ ಬೇಡ. ಸೈಬರ್‌ಪಂಕ್ 2077 ಎಂಬ ಇನ್ನೊಂದು ಆಟ ‘ಡಿಸ್ಕ್ ಅಚ್ಚಿಗೆ ಸಿದ್ಧ’ ಎಂದು 2020ರ ಅಕ್ಟೋಬರ್ ಮೊದಲ ವಾರ ಸಾರಿ, ಅದೇ ತಿಂಗಳ 27ಕ್ಕೆ ಮತ್ತೆ ಮುಂದೆ ಹೋಯಿತು. ನಿಮ್ಮ ಕನ್ಸೋಲಿನಲ್ಲಿ ಪ್ರಿಲೋಡ್ (ಬಿಡುಗಡೆಗೆ ಮೊದಲೇ ಆಟ ಇಳಿಸಿಕೊಳ್ಳುವುದು) ಶುರುವಾದ ದಿನವೇ ಅರ್ಜಿ ಕೊಡಿ.